ಶಾಸಕರಿಗೆ ಕೇಳಬೇಕಾದ ಬೋರು ಹೊಡೆಸುವ ಪ್ರಶ್ನೆಗಳು

ನಮ್ಮ ಉತ್ತರ ಕನ್ನಡದಲ್ಲಿ ಚುನಾವಣೆ ಹತ್ತಿರ ಬಂತೆಂದರೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಹುಟ್ಟುತ್ತದೆ. ಮೊದಲು ಭಾಷಣದಲ್ಲಿ, ಆಮೇಲೆ ಪ್ರಣಾಳಿಕೆಯಲ್ಲಿ, ಆಮೇಲೆ ಬಸ್ ಸ್ಟ್ಯಾಂಡಿನ ಬ್ಯಾನರಿನಲ್ಲಿ. ಕುಮಟೆಯವರು ಕುಮಟೆಯಲ್ಲೇ ಆಗಲಿ ಎನ್ನುತ್ತಾರೆ. ಶಿರಸಿಯವರು ಘಟ್ಟದ ಮೇಲೆ ನಾವೇನು ಮನುಷ್ಯರಲ್ವಾ ಎನ್ನುತ್ತಾರೆ. ಕಾರವಾರದವರು ಮೆಡಿಕಲ್ ಕಾಲೇಜು ಇರುವುದು ನಮ್ಮಲ್ಲಿ, ಮತ್ತೆಲ್ಲಿ ಮಾಡ್ತೀರಿ ಎನ್ನುತ್ತಾರೆ. ಈ ಜಾಗದ ಜಗಳ ಮುಗಿಯುವುದರೊಳಗೆ ಮತದಾನ ಮುಗಿದಿರುತ್ತದೆ.

ಆಸ್ಪತ್ರೆ ಬೇಡ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಧೈರ್ಯ ಈ ಜಿಲ್ಲೆಯಲ್ಲಿ ಯಾರಿಗೂ ಬರಲಿಕ್ಕಿಲ್ಲ. ಹತ್ತು ಸಾವಿರ ಚದರ ಕಿಲೋಮೀಟರಿಗಿಂತ ದೊಡ್ಡ ಜಿಲ್ಲೆ, 12 ತಾಲೂಕು, 2011ರ ಜನಗಣತಿಯಂತೆ 14 ಲಕ್ಷಕ್ಕೂ ಜಾಸ್ತಿ ಜನ, ಉಳಿದದ್ದು ಕಾಡು, ಘಟ್ಟ, ಹೊಳೆ. ತಲೆಗೆ ಪೆಟ್ಟು ಬಿದ್ದರೆ, ಎದೆನೋವು ಬಂದರೆ ಕರಾವಳಿಯವರು ಮಣಿಪಾಲ ಇಲ್ಲವೇ ಮಂಗಳೂರು, ಘಟ್ಟದ ಮೇಲಿನವರು ಹುಬ್ಬಳ್ಳಿ ಇಲ್ಲವೇ ಶಿವಮೊಗ್ಗ, ಕಾರವಾರದವರು ಗೋವಾದ ಬಾಂಬೋಳಿಯ ಸರ್ಕಾರಿ ಆಸ್ಪತ್ರೆ. ಅಲ್ಲಿಯೂ 2018ರಿಂದ ಹೊರರಾಜ್ಯದವರಿಗೆ ಶುಲ್ಕ ಶುರುವಾಯಿತು. ಕುಮಟೆಯಿಂದ ಮಣಿಪಾಲಕ್ಕೆ ನೂರು ಕಿ.ಮೀ.ಗೂ ಮೇಲೆ. ಕಾರವಾರದಿಂದ ಮಂಗಳೂರಿಗೆ ಸುಮಾರು 270. ಅದೂ ರಸ್ತೆ ಇದ್ದರೆ. 2024ರ ಜುಲೈ 16ಕ್ಕೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಹಲವು ದಿನ ಬಂದ್ ಆಯಿತು. ಅದಾಗಿ ತಿಂಗಳೂ ಆಗಿರಲಿಲ್ಲ, ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ಹೊಳೆಯ ಹಳೆ ಸೇತುವೆ ಮುರಿದು ಬಿತ್ತು. ಗೋವಾಕ್ಕೆ ಹೋಗುವ ದಾರಿ ಅದೇ. ಪಕ್ಕದಲ್ಲಿ ಹೊಸ ಸೇತುವೆ ಇತ್ತೆಂದು ಬಚಾವ್.

ನನ್ನ ತಕರಾರು ಬೇರೆ. ನಾವು ಶಾಸಕರಿಗೆ ಕಟ್ಟಡ ಕೇಳುತ್ತೇವೆ. ಅವರು ಕಟ್ಟಡದ ಮಾತಾಡುತ್ತಾರೆ. ಒಳಗೆ ಹೋದ ರೋಗಿ ಸುರಕ್ಷಿತವಾಗಿ ಹೊರಗೆ ಬರುತ್ತಾನಾ ಅನ್ನುವುದು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಅದು ಡಾಕ್ಟರ ಕೆಲಸ, ದೇವರ ಕೆಲಸ ಅಂತ ಬಿಟ್ಟುಬಿಟ್ಟಿದ್ದೇವೆ. ಆದರೆ ಅದರಲ್ಲಿ ಬಹಳಷ್ಟು ಶಾಸಕರ ಕೆಲಸವೂ ಹೌದು. ಈ ಬರಹ ಅದರ ಬಗ್ಗೆ.

ಇನ್ನೊಂದು ಶಿರೂರಿನಿಂದ ಶುರು ಮಾಡುತ್ತೇನೆ. ಇದು ಬೈಂದೂರು ತಾಲೂಕಿನ ಶಿರೂರು, ಟೋಲ್ ಗೇಟ್ ಇರುವ ಶಿರೂರು. (ಹೊರಗಿನವರಿಗೆ ಈ ಎರಡು ಶಿರೂರುಗಳು ಯಾವಾಗಲೂ ಕಲಸಿಹೋಗುತ್ತವೆ. ಎರಡೂ ಅದೇ ಹೆದ್ದಾರಿ 66ರ ಮೇಲೆ ಇರುವುದು, ಎರಡರ ಹೆಸರೂ ಕೆಟ್ಟ ಸುದ್ದಿಯಿಂದಲೇ ದೇಶಕ್ಕೆ ಗೊತ್ತಾದದ್ದು.) 2022ರ ಜುಲೈ 20. ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ದಕ್ಷಿಣಕ್ಕೆ ಹೊರಟ ಆಂಬುಲೆನ್ಸ್ ಮಳೆಯಲ್ಲಿ ವೇಗವಾಗಿ ಬಂತು. ಟೋಲ್ ಸಿಬ್ಬಂದಿ ಅಡ್ಡ ಇಟ್ಟಿದ್ದ ಬ್ಯಾರಿಕೇಡ್ ಎಳೆಯಲು ಓಡಿದರು. ಗಾಡಿ ಜಾರಿ ತಿರುಗಿ ಟೋಲ್ ಕಂಬಕ್ಕೆ ಬಡಿಯಿತು. ನಾಲ್ಕು ಜನ ಹೋದರು. ಸಿಸಿಟಿವಿ ವಿಡಿಯೋ ನೀವೂ ನೋಡಿರುತ್ತೀರಿ, ಒಳಗಿದ್ದವರು ಹೊರಗೆ ಎಸೆಯಲ್ಪಟ್ಟದ್ದು ಅದರಲ್ಲಿ ಕಾಣುತ್ತದೆ.

ಆಗ ಜಿಲ್ಲೆ ಸಿಟ್ಟಿಗೆದ್ದಿತು. ಆಸ್ಪತ್ರೆ ಇಲ್ಲದಿದ್ದರೆ ಓಟೂ ಇಲ್ಲ ಅಂತ ಹುಡುಗರು ಟ್ವಿಟರಿನಲ್ಲಿ ಅಭಿಯಾನ ಮಾಡಿದರು. ನ್ಯಾಯವಾದ ಸಿಟ್ಟು. ನಮ್ಮಲ್ಲೇ ಆಸ್ಪತ್ರೆ ಇದ್ದಿದ್ದರೆ ಆ ಗಾಡಿ ಅಷ್ಟು ದೂರ ಓಡಬೇಕಿರಲಿಲ್ಲ, ಖರೆ. ಆದರೆ ಅದೇ ಅಪಘಾತದಲ್ಲಿ ಇನ್ನೂ ಕೆಲವು ಪ್ರಶ್ನೆಗಳಿದ್ದವು, ಅವನ್ನು ಹೆಚ್ಚಿನವರು ಎತ್ತಲಿಲ್ಲ. ಆಂಬುಲೆನ್ಸಿನ ಹಿಂದೆ ಕೂತವರಿಗೆ ಬೆಲ್ಟ್ ಇರುತ್ತದಾ? ಸ್ಟ್ರೆಚರನ್ನು ನೆಲಕ್ಕೆ ಕಚ್ಚಿಸಿ ಕೂರಿಸಿರುತ್ತಾರಾ? ಟೋಲ್ ಗೇಟಿನಲ್ಲಿ ಆಂಬುಲೆನ್ಸಿನ ದಾರಿಗೆ ಅಡ್ಡ ಇಟ್ಟದ್ದು ಯಾಕೆ? ಹೆದ್ದಾರಿಯ ಮೇಲೆ ದನ ಮಲಗುವುದಕ್ಕೆ ಯಾರು ಹೊಣೆ? ಆಂಬುಲೆನ್ಸ್ ಹೇಗಿರಬೇಕು ಅಂತ ನಮ್ಮ ದೇಶದಲ್ಲಿ ಎಐಎಸ್ 125 ಎಂಬ ಮಾನದಂಡವೇ ಇದೆ. ಅದರಲ್ಲಿ ನಾಲ್ಕು ವರ್ಗ. ಸುಮ್ನೆ ರೋಗಿಯನ್ನು ಸಾಗಿಸುವ ಗಾಡಿ ಬೇರೆ, ವೆಂಟಿಲೇಟರ್ ಇರುವ ಗಾಡಿ ಬೇರೆ. ನಮ್ಮ ತಾಲೂಕಿನಲ್ಲಿ ಯಾವ ವರ್ಗದ ಗಾಡಿ ಎಷ್ಟಿವೆ, ಖಾಸಗಿಯವರ ಒಮ್ನಿಗಳೆಷ್ಟು, ಅವುಗಳ ತಪಾಸಣೆ ಯಾರು ಮಾಡುತ್ತಾರೆ? ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬರಲು ಹತ್ತು ವರ್ಷ ಬೇಕಾಗಬಹುದು. ಬೆಲ್ಟ್ ಹಾಕಿಸಲು ಅಷ್ಟು ಬೇಕಾ?

ಇದನ್ನೇ ನಾನು ಬೋರು ಹೊಡೆಸುವ ಪ್ರಶ್ನೆ ಅನ್ನುವುದು. ಇದಕ್ಕೆ ಚಪ್ಪಾಳೆ ಬೀಳುವುದಿಲ್ಲ. ಬ್ಯಾನರಿನಲ್ಲಿ ಹಾಕಲು ಬರುವುದಿಲ್ಲ. ಯಾರಾದರೂ ಶಾಸಕರು "ನನ್ನ ಅವಧಿಯಲ್ಲಿ ಇಷ್ಟು ಆಂಬುಲೆನ್ಸುಗಳ ಹಿಂಬಾಗಿಲು ಸರಿ ಮಾಡಿಸಿದೆ" ಅಂತ ಓಟು ಕೇಳಿದ್ದು ನಾನಂತೂ ಕೇಳಿಲ್ಲ.

ಹಾಗಂತ ಶಾಸಕರು ಆರೋಗ್ಯದ ಕೆಲಸ ಮಾಡುವುದೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಯಾವ ಪಕ್ಷದ ಶಾಸಕರ ಮನೆಯಾದರೂ ಆಗಲಿ, ಬೆಳಿಗ್ಗೆ ಎಂಟು ಗಂಟೆಗೆ ಹೋಗಿ ನೋಡಿ. ಜಗಲಿಯ ಮೇಲೆ ಕೂತವರಲ್ಲಿ ಅರ್ಧ ಜನರ ಕೈಯಲ್ಲಿ ಆಸ್ಪತ್ರೆಯ ಬಿಲ್ಲು ಇರುತ್ತದೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಶಿಫಾರಸು ಪತ್ರ ಬೇಕು. ಮಂಗಳೂರಿನಲ್ಲಿ ಬೆಡ್ ಬೇಕು. ಬಿಲ್ಲಿನಲ್ಲಿ ಸ್ವಲ್ಪ ಕಡಿಮೆ ಮಾಡಿಸಲು ಒಂದು ಫೋನು ಬೇಕು. ಪಿಎ ಫೋನು ಹಚ್ಚುತ್ತಾನೆ, ಶಾಸಕರು ಎರಡು ಮಾತಾಡುತ್ತಾರೆ, ಬಿಲ್ಲು ಹತ್ತಿಪ್ಪತ್ತು ಸಾವಿರ ಇಳಿಯುತ್ತದೆ. ಆ ಮನೆಯವರು ಅದನ್ನು ಸಾಯುವ ತನಕ ಮರೆಯುವುದಿಲ್ಲ. ಮರೆಯಬಾರದು ಕೂಡ. ಕಷ್ಟದಲ್ಲಿ ಕೈ ಹಿಡಿದವರು ಅವರು.

ಆದರೆ ಇದು ಒಬ್ಬೊಬ್ಬರಿಗೆ ಮಾಡುವ ಉಪಕಾರ. ಆ ಫೋನು ನಂಬರು ಇಲ್ಲದವನಿಗೆ ಇದರಿಂದ ಏನೂ ಸಿಗುವುದಿಲ್ಲ. ಜೋಯಿಡಾದ ಕಾಡಿನೊಳಗಿನ ಒಬ್ಬ ಕುಣಬಿ ಸಮುದಾಯದ ಹೆಂಗಸು ಶಾಸಕರ ಜಗಲಿ ತನಕ ಬರಬೇಕೆಂದರೆ ಅವಳ ಒಂದು ದಿನದ ಕೂಲಿ ಹೋಯಿತು. ಕಾನೂನು, ನಿಯಮ, ಅದನ್ನು ನಡೆಸುವ ಸಮಿತಿ ಇರುವುದು ಇಂಥವಳಿಗಾಗಿ. ಮತ್ತು ಅದನ್ನು ಮಾಡಲು ನಮ್ಮ ಮತ ಪಡೆದು ಹೋದವರು ಶಾಸಕರು ಮಾತ್ರ. ಫೋನು ಮಾಡಲು ಬೇರೆಯವರೂ ಸಿಗಬಹುದು.

ಬಳ್ಳಾರಿಯ ವಿಷಯ ನೆನಪಿದೆಯಾ? 2024ರ ನವೆಂಬರ್. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಒಟ್ಟು ಐದು ಜನ. ಅನುಮಾನ ಹೋದದ್ದು ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ. ಪಶ್ಚಿಮ ಬಂಗಾಳದ ಕಂಪನಿಯೊಂದರ ಮಾಲು. ಅದರ ಕೆಲವು ಬ್ಯಾಚುಗಳು ನಮ್ಮ ರಾಜ್ಯದ ಪರೀಕ್ಷೆಯಲ್ಲಿ ಮೊದಲೇ ಫೇಲಾಗಿದ್ದವು, ಕೇಂದ್ರದ ಲ್ಯಾಬು ಕೆಲವನ್ನು ಪಾಸು ಮಾಡಿತ್ತು. ಹೀಗೆ ಒಂದು ಲ್ಯಾಬು ಬೇಡ ಅಂದದ್ದನ್ನು ಇನ್ನೊಂದು ಲ್ಯಾಬು ಆಗಬಹುದು ಅಂದು, ನಡುವೆ ಆ ಕಂಪನಿಯ ಬಾಟಲಿಗಳು ವಾರ್ಡಿಗೆ ಬಂದವು. ಆಮೇಲೆ ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು, ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಜೋರು ಚರ್ಚೆ ಆಯಿತು. ಬಳ್ಳಾರಿಯಲ್ಲಿ ಕಟ್ಟಡ ಇತ್ತು. ಡಾಕ್ಟರಿದ್ದರು. ಮೆಡಿಕಲ್ ಕಾಲೇಜೇ ಇತ್ತು. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿದು 24 ಜನ ಹೋದರು, ಅಲ್ಲಿಯೂ ಅಷ್ಟೇ, ಆಸ್ಪತ್ರೆ ಇತ್ತು. ಸಿಲಿಂಡರು ಇರಲಿಲ್ಲ.

ಬೆಳಗಾವಿಯಲ್ಲಿ ಆದ ಚರ್ಚೆ ನಾನು ಟಿವಿಯಲ್ಲಿ ನೋಡಿದ್ದು ಸ್ವಲ್ಪ. ಸಿಟ್ಟು ಇತ್ತು, ರಾಜೀನಾಮೆ ಕೇಳುವುದಿತ್ತು. ಎಲ್ಲ ಸರಿ. ನನಗೆ ಬೇಕಾಗಿದ್ದದ್ದು ನಮ್ಮ ಆರು ಶಾಸಕರಲ್ಲಿ ಒಬ್ಬರಾದರೂ ಎದ್ದು ನಿಂತು, ಒಂದು ಬ್ಯಾಚು ಸರಿಯಿಲ್ಲ ಅಂತ ಗೊತ್ತಾದ ಮೇಲೆ ಆ ಸುದ್ದಿ ಹೊನ್ನಾವರದ ತಾಲೂಕು ಆಸ್ಪತ್ರೆಯ ಸ್ಟೋರಿಗೆ ಎಷ್ಟು ತಾಸಿನಲ್ಲಿ ಮುಟ್ಟುತ್ತದೆ ಅಂತ ಕೇಳುವುದು. ತಾಸಾ, ದಿನವಾ, ವಾರವಾ? ಇದಕ್ಕೆ ಉತ್ತರ ಲಿಖಿತದಲ್ಲಿ ಬಂದುಬಿಟ್ಟರೆ ಮುಂದಿನ ಸಲ ಅದನ್ನೇ ಹಿಡಿದು ಜಗ್ಗಬಹುದು.

ಶಾಸಕರ ಕೈಯಲ್ಲಿರುವ ಅಸ್ತ್ರಗಳಲ್ಲಿ ಪ್ರಶ್ನೆಯೇ ದೊಡ್ಡದು ಅಂತ ನನ್ನ ಲೆಕ್ಕ. ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಮಂತ್ರಿ ಸದನದಲ್ಲೇ ಉತ್ತರ ಕೊಡಬೇಕು, ಮೇಲೆ ಉಪಪ್ರಶ್ನೆಯನ್ನೂ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. ಆ ಉತ್ತರಗಳು ಕನ್ನಡದಲ್ಲೇ ವಿಧಾನಸಭೆಯ ವೆಬ್‌ಸೈಟಿನಲ್ಲಿ ಸಿಗುತ್ತವೆ, ಪುರುಸೊತ್ತಿದ್ದಾಗ ನೋಡಿ, ಧಾರಾವಾಹಿಗಿಂತ ಚೆನ್ನಾಗಿರುತ್ತವೆ. ಎಷ್ಟು ಹುದ್ದೆ ಮಂಜೂರು, ಎಷ್ಟು ಭರ್ತಿ, ಎಷ್ಟು ಖಾಲಿ ಅಂತ ಕೋಷ್ಟಕ ಸಮೇತ ಬರುತ್ತದೆ. ಒಬ್ಬ ಶಾಸಕ ಕೇಳಿದ್ದಕ್ಕೆ ಇಡೀ ಇಲಾಖೆ ಕೂತು ಲೆಕ್ಕ ಹಾಕುತ್ತದೆ, ಬೇರೆ ಯಾರು ಕೇಳಿದರೂ ಅಷ್ಟು ಓಡುವುದಿಲ್ಲ. ಸಮಸ್ಯೆ ಏನೆಂದರೆ ಸದನ ಕೂರುವುದೇ ಕಡಿಮೆ. ವರ್ಷಕ್ಕೆ 60 ದಿನವಾದರೂ ಅಧಿವೇಶನ ನಡೆಯಬೇಕು ಅಂತ ಕರ್ನಾಟಕ 2005ರಲ್ಲೇ ಕಾನೂನು ಮಾಡಿಕೊಂಡಿದೆ. ತಾವೇ ಮಾಡಿದ ಕಾನೂನು, ಅದನ್ನು ಅವರೇ ಪಾಲಿಸಿದ್ದು ಅಪರೂಪ. ನಾವೂ ಕೇಳುವುದಿಲ್ಲ. ಶಾಸಕರು ಊರಿನಲ್ಲಿದ್ದರೆ ನಮಗೆ ಖುಷಿ, ಮದುವೆಗೆ ಬಂದರು, ಉಪನಯನಕ್ಕೆ ಬಂದರು, ಯಕ್ಷಗಾನದಲ್ಲಿ ಶಾಲು ಹೊದೆಸಿಕೊಂಡರು. ಬೆಂಗಳೂರಿನಲ್ಲಿ ಕೂತು ಪ್ರಶ್ನೆ ಬರೆಯುವವರನ್ನು "ಕೈಗೆ ಸಿಗುವುದಿಲ್ಲ" ಅಂತ ಬೈಯುತ್ತೇವೆ.

ಇನ್ನೊಂದು ಅಸ್ತ್ರ ಊರಲ್ಲೇ ಇದೆ. ಆರೋಗ್ಯ ರಕ್ಷಾ ಸಮಿತಿ. ತಾಲೂಕು ಆಸ್ಪತ್ರೆಯ ಸಮಿತಿಗೆ ಶಾಸಕರೇ ಅಧ್ಯಕ್ಷರು. ಆಸ್ಪತ್ರೆಗೆ ಬರುವ ಬಳಕೆದಾರರ ಶುಲ್ಕ ಈ ಸಮಿತಿಯ ಖಾತೆಗೆ ಹೋಗುತ್ತದೆ, ಖರ್ಚು ಸಮಿತಿ ತೀರ್ಮಾನಿಸುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಇಂಥದೇ ಚಿಕ್ಕ ಸಮಿತಿ. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನಾನೂ ನಮ್ಮ ಕಡೆಯ ಒಂದು ಕೇಂದ್ರದ ಸಮಿತಿಯಲ್ಲಿ ಕೆಲ ಕಾಲ ಇದ್ದೆ. ಸಭೆ ಹೇಗಿರುತ್ತಿತ್ತು ಹೇಳುತ್ತೇನೆ. ಚಾ, ಅವಲಕ್ಕಿ. ಹಿಂದಿನ ಸಭೆಯ ವರದಿ ಓದು. ಕಂಪೌಂಡ್ ಗೋಡೆಗೆ ಬಣ್ಣ ಯಾವುದು ಅನ್ನುವುದಕ್ಕೆ ಅರ್ಧ ತಾಸು. ನಾಮಫಲಕದಲ್ಲಿ ಯಾರ ಹೆಸರು ಮೇಲೆ ಅನ್ನುವುದಕ್ಕೆ ಇನ್ನರ್ಧ ತಾಸು. ಒಂದು ಸಲ ಅಲ್ಲಿಯ ಸಿಸ್ಟರ್ ಬಾಗಿಲ ಹತ್ತಿರ ನಿಂತಿದ್ದವರು, ಎಲ್ಲ ಮುಗಿದ ಮೇಲೆ ಮೆತ್ತಗೆ, "ಸರ್, ಫ್ರಿಜ್ಜಿಗೆ ಇನ್ವರ್ಟರ್ ಬೇಕಿತ್ತು, ರಾತ್ರಿ ಕರೆಂಟು ಹೋದರೆ ಲಸಿಕೆಯದ್ದೇ ಚಿಂತೆ" ಅಂದರು. ಇಡೀ ಸಭೆಯಲ್ಲಿ ರೋಗಿಯ ಸುರಕ್ಷತೆಗೆ ಸಂಬಂಧಪಟ್ಟ ಮಾತು ಅದೊಂದೇ. ಅದನ್ನು ಹೇಳಿದವರಿಗೆ ಕೂರಲು ಕುರ್ಚಿಯೂ ಇರಲಿಲ್ಲ. ಇನ್ವರ್ಟರ್ ಆಮೇಲೆ ಬಂತು ಅನ್ನಿ. ಬಣ್ಣ ಮೊದಲು ಬಂತು.

ನಾನು ಶಾಸಕನಾದರೆ (ಆಗುವುದಿಲ್ಲ, ಹೆಂಡತಿ ಬಿಡುವುದಿಲ್ಲ) ಈ ಸಭೆಯನ್ನು ತಿರುವು ಹಾಕಿ ನಡೆಸುತ್ತೇನೆ. ಮೊದಲು ಮಾತಾಡುವುದು ವಾರ್ಡಿನ ಸಿಸ್ಟರ್, ಆಮೇಲೆ ಆಯಾ, ಆಮೇಲೆ ಆಂಬುಲೆನ್ಸ್ ಡ್ರೈವರು, ಆಮೇಲೆ ಆಶಾ ಕಾರ್ಯಕರ್ತೆ. ಅವರು ಹೇಳಿದ್ದೆಲ್ಲ ವರದಿಯಲ್ಲಿ ದಾಖಲಾಗಬೇಕು. ಅಧಿಕಾರಿಗಳ ಭಾಷಣ ಕೊನೆಗೆ, ಅವಲಕ್ಕಿಯ ಜೊತೆ. ಕೋವಿಡ್ ಸಮಯದಲ್ಲಿ ಎಲ್ಲ ಕಡೆ ಆಕ್ಸಿಜನ್ ಘಟಕ ಕೂರಿಸಿದರಲ್ಲ, ಅದು ಈಗ ಓಡುತ್ತದಾ ಅಂತ ಸಭೆಯಲ್ಲಿ ಕೇಳುವುದಲ್ಲ, ಎದ್ದು ಹೋಗಿ ಚಾಲೂ ಮಾಡಿಸಿ ನೋಡುವುದು. ಶಿಶುಗಳ ವಾರ್ಡಿನ ವೈರಿಂಗ್ ನೋಡುವುದು. 2021ರ ಜನವರಿಯಲ್ಲಿ ಮಹಾರಾಷ್ಟ್ರದ ಭಂಡಾರಾದಲ್ಲಿ ಬೆಂಕಿಗೆ 10 ಹಸುಗೂಸುಗಳು ಹೋದವು. ನವಜಾತ ಶಿಶುಗಳ ವಾರ್ಡಿನಲ್ಲಿ ದಿನವಿಡೀ ವಾರ್ಮರು ಓಡುತ್ತಿರುತ್ತವೆ, ಆಕ್ಸಿಜನ್ನೂ ಇರುತ್ತದೆ. ಅಲ್ಲಿ ಒಂದು ಕಿಡಿ ಬಿದ್ದರೆ ಸಾಕು.

ಈಗ ಸ್ವಲ್ಪ ದೂರ ಹೋಗೋಣ. ಒಬ್ಬ ಶಾಸಕ ಏನು ಮಹಾ ಮಾಡಬಲ್ಲ ಅಂತ ಕೇಳುವವರಿಗೆ ನಾನು ಕ್ಯಾಲಿಫೋರ್ನಿಯಾದ ಕತೆ ಹೇಳುತ್ತೇನೆ. ಅಲ್ಲಿಯ ರಾಜ್ಯ ಶಾಸನಸಭೆಯಲ್ಲಿ ಶೀಲಾ ಕ್ಯೂಲ್ ಅಂತ ಒಬ್ಬರಿದ್ದರು. ಚಿಕ್ಕಂದಿನಲ್ಲಿ ಟಿವಿ ನಟಿ, ಆಮೇಲೆ ವಕೀಲೆ, ಆಮೇಲೆ ಶಾಸಕಿ. ಅಲ್ಲಿಯ ನರ್ಸುಗಳ ಸಂಘದ ದೂರು ಸರಳವಾಗಿತ್ತು: ಒಬ್ಬೊಬ್ಬರ ತಲೆಗೆ ಬಹಳ ರೋಗಿಗಳನ್ನು ಕಟ್ಟುತ್ತಾರೆ, ಯಾರನ್ನೂ ಸರಿಯಾಗಿ ನೋಡಲಾಗುವುದಿಲ್ಲ. ಕ್ಯೂಲ್ ಮಸೂದೆ ತಂದರು. 1998ರಲ್ಲಿ ಗವರ್ನರ್ ಅದಕ್ಕೆ ತಡೆ ಹಾಕಿದರು. 1999ರಲ್ಲಿ ಮತ್ತೆ ತಂದರು, ಹೊಸ ಗವರ್ನರ್ ಸಹಿ ಹಾಕಿದರು. ಆಸ್ಪತ್ರೆಗಳ ಸಂಘ ವಿರೋಧ ಮಾಡುತ್ತಲೇ ಇತ್ತು. ಜಾರಿಗೆ ಬಂದದ್ದು 2004ರ ಜನವರಿಯಲ್ಲಿ. ಐಸಿಯುನಲ್ಲಿ ಒಬ್ಬ ನರ್ಸಿಗೆ ಇಬ್ಬರಿಗಿಂತ ಜಾಸ್ತಿ ರೋಗಿ ಇಲ್ಲ. ಸಾಮಾನ್ಯ ವಾರ್ಡಿನಲ್ಲಿ ಮೊದಲು ಆರು, ಮರುವರ್ಷದಿಂದ ಐದು. ಆ ಐದನ್ನು ಮುಂದೂಡಲು ನೋಡಿದ ಗವರ್ನರ್ ಯಾರು ಗೊತ್ತಾ? ಸಿನಿಮಾ ನಟ ಆರ್ನಾಲ್ಡ್ ಶ್ವಾರ್ಜ್‌ನೆಗರ್. ನರ್ಸುಗಳು ಬೀದಿಗೂ ಇಳಿದರು, ಕೋರ್ಟಿಗೂ ಹೋದರು, ಗೆದ್ದರು. ಟಿವಿ ನಟಿ ಮಾಡಿದ ಕಾನೂನನ್ನು ಸಿನಿಮಾ ನಟ ಅಲ್ಲಾಡಿಸಲು ಆಗಲಿಲ್ಲ! ಆಮೇಲೆ 2010ರಲ್ಲಿ ಬಂದ ಅಧ್ಯಯನವೊಂದು ಕ್ಯಾಲಿಫೋರ್ನಿಯಾವನ್ನು ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಜೊತೆ ಇಟ್ಟು ನೋಡಿತು. ನರ್ಸಿಗೆ ರೋಗಿಗಳು ಕಡಿಮೆ ಇದ್ದಲ್ಲಿ ಸಾವೂ ಕಡಿಮೆ ಅಂತ ಅದು ಹೇಳಿತು.

ನಮ್ಮಲ್ಲಿ ಇದನ್ನು ಹಾಗೇ ತಂದು ಕೂರಿಸಲಾಗದು, ಅಷ್ಟು ನರ್ಸುಗಳನ್ನು ಒಮ್ಮೆಲೇ ಎಲ್ಲಿಂದ ತರುವುದು. ನನಗೆ ಹಿಡಿಸಿದ್ದು ಆ ಹಟ. ಒಂದು ಸಂಖ್ಯೆಯನ್ನು ಹಿಡಿದು ಆರೇಳು ವರ್ಷ ಬಿಡದೆ ಕೂತದ್ದು. ನಮ್ಮಲ್ಲಿ ಐಪಿಎಚ್‌ಎಸ್ ಅಂತ ಕೇಂದ್ರದ ಮಾನದಂಡಗಳಿವೆ. 2007ರಲ್ಲಿ ಬಂದು, 2012ರಲ್ಲಿ, 2022ರಲ್ಲಿ ಪರಿಷ್ಕರಣೆ ಆದವು. ಯಾವ ಮಟ್ಟದ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆಗೆ ಎಷ್ಟು ಜನ ಬೇಕು ಅಂತ ಅದರಲ್ಲಿ ಬರೆದಿದೆ. ಮಾರ್ಗಸೂಚಿ ಅಷ್ಟೇ, ಕಾನೂನಲ್ಲ. ರಾತ್ರಿ ಪಾಳಿಯಲ್ಲಿ ನಮ್ಮ ತಾಲೂಕು ಆಸ್ಪತ್ರೆಯ ಒಂದು ವಾರ್ಡಿಗೆ ಎಷ್ಟು ಸಿಸ್ಟರುಗಳು ಅನ್ನುವ ಒಂದೇ ಪ್ರಶ್ನೆಯನ್ನು ಒಬ್ಬ ಶಾಸಕ ಪ್ರತಿ ಅಧಿವೇಶನದಲ್ಲೂ ಕೇಳುತ್ತಾ ಹೋದರೆ ಏನಾಗಬಹುದು? ಮೊದಲ ಸಲ ಉತ್ತರ ಬರುತ್ತದೆ. ಮೂರನೇ ಸಲಕ್ಕೆ ಅಧಿಕಾರಿಗಳಿಗೆ ಕಿರಿಕಿರಿ. ಐದನೇ ಸಲಕ್ಕೆ ಯಾರನ್ನಾದರೂ ನೇಮಕ ಮಾಡಿ ಈ ಮನುಷ್ಯನ ಬಾಯಿ ಮುಚ್ಚಿಸೋಣ ಅನ್ನಿಸುತ್ತದೆ.

ನಮ್ಮ ರಾಜ್ಯದಲ್ಲೂ ಹಟದ ಉದಾಹರಣೆ ಇದೆ. ಖಾಸಗಿ ಆಸ್ಪತ್ರೆಗಳ ಕಾಯ್ದೆ, ಕೆಪಿಎಂಇ. 2007ರದ್ದು. ಅದಕ್ಕೆ 2017ರಲ್ಲಿ ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ತಿದ್ದುಪಡಿ ತಂದರು. ನವೆಂಬರಿನಲ್ಲಿ ಖಾಸಗಿ ವೈದ್ಯರು ರಾಜ್ಯದುದ್ದಕ್ಕೂ ಮುಷ್ಕರ ಮಾಡಿದರು, ಬೆಳಗಾವಿ ಅಧಿವೇಶನ ನಡೆಯುತ್ತಿರುವಾಗಲೇ. ವೈದ್ಯರಿಗೆ ಜೈಲು ಅನ್ನುವಂಥ ಅಂಶಗಳು ಬಿದ್ದುಹೋದವು. ನನಗೆ ಕೇಳಿದರೆ ಅವು ಹೋದದ್ದೇ ಒಳ್ಳೆಯದಾಯಿತು, ಹೆದರಿದ ಡಾಕ್ಟರು ಕಷ್ಟದ ಕೇಸು ಮುಟ್ಟುವುದೇ ಇಲ್ಲ, "ಮುಂದೆ ತಗೊಂಡು ಹೋಗಿ" ಅನ್ನುತ್ತಾರೆ. ಆ "ಮುಂದೆ" ಅನ್ನುವುದು ನಮ್ಮ ಜಿಲ್ಲೆಯಲ್ಲಿ ನೂರು ಕಿ.ಮೀ.ಗೂ ಮೇಲೆ. ಆದರೂ ರೋಗಿಯ ಹಕ್ಕುಗಳು ಅಂತ ಒಂದು ಪಟ್ಟಿ ಉಳಿಯಿತು. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮುಂಗಡ ಹಣ ಕಟ್ಟಿಲ್ಲ ಅಂತ ಚಿಕಿತ್ಸೆ ನಿಲ್ಲಿಸುವಂತಿಲ್ಲ. ರೋಗಿ ತೀರಿಕೊಂಡರೆ ಬಿಲ್ಲಿಗಾಗಿ ಹೆಣ ಹಿಡಿದಿಡುವಂತಿಲ್ಲ. ದೂರು ಕೇಳಲು ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಜಿಲ್ಲೆಗೊಂದು ಪ್ರಾಧಿಕಾರ ಇದೆ. ಇದು ನಮ್ಮ ಕಡೆ ಎಷ್ಟು ಜನರಿಗೆ ಗೊತ್ತು? ಗ್ರಾಮಸಭೆಯಲ್ಲಿ ಶಾಸಕರು ಬಂದಾಗ ಇದನ್ನು ಐದು ನಿಮಿಷ ಓದಿ ಹೇಳಿದರೆ ಆಗದಾ? ಹಾಗೆಯೇ ಆಸ್ಪತ್ರೆಯವರ ಮೇಲೆ ಕೈ ಮಾಡಿದರೆ 2009ರಿಂದಲೇ ಬೇರೆ ಕಾನೂನು ಇದೆ, ಅದನ್ನೂ ಓದಿ ಹೇಳಬೇಕು. ರಾತ್ರಿ ಪಾಳಿಯ ಸಿಸ್ಟರಿಗೆ ಹೆದರಿಕೆ ಇದ್ದರೆ ರೋಗಿಗೆ ಸುರಕ್ಷತೆ ಎಲ್ಲಿಂದ ಬರಬೇಕು.

ಜನರ ಜೊತೆ ಕೆಲಸ ಮಾಡುವುದು ಅಂದಾಗ ನನಗೆ ಮಂಗನ ಕಾಯಿಲೆ ನೆನಪಾಗುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ರೋಗ. ನಮ್ಮ ಸಿದ್ದಾಪುರಕ್ಕೆ ಅದು ಬೇಲಿಯಾಚೆಯ ರೋಗ, ಹೊನ್ನಾವರಕ್ಕೂ ಇಳಿದಿದೆ. ಹರಡುವುದು ಉಣುಗು, ಅಂದರೆ ಉಣ್ಣೆಹುಳ ಕಚ್ಚಿ. 2022ರ ಹೊತ್ತಿಗೆ ಹಳೆಯ ಲಸಿಕೆ ಕೊಡುವುದನ್ನು ನಿಲ್ಲಿಸಿದರು, ಅದು ಅಷ್ಟು ಫಲ ಕೊಡುತ್ತಿರಲಿಲ್ಲ. 2024ರ ಆರಂಭದಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಜ್ವರ ಜೋರಾಯಿತು, ಸಾವೂ ಆಯಿತು. ಲಸಿಕೆ ಇಲ್ಲದಾಗ ಉಳಿದದ್ದು ಉಣುಗು ಹತ್ತದಂತೆ ಮೈಗೆ ಡೆಪಾ ಎಣ್ಣೆ ಹಚ್ಚಿಕೊಳ್ಳುವುದು, ಮಂಗ ಸತ್ತರೆ ತಕ್ಷಣ ತಿಳಿಸುವುದು, ಜ್ವರ ಬಂದ ಕೂಡಲೇ ರಕ್ತ ಕೊಡುವುದು. ಮೂರೂ ಜನ ಮಾಡಬೇಕಾದ ಕೆಲಸ. ಸರ್ಕಾರ ಒಂದೇ ಮಾಡಲು ಆಗುವುದಿಲ್ಲ.

ಘಟ್ಟದ ಮೇಲೆ ಇಂಥದೊಂದು ಜಾಗೃತಿ ಸಭೆಗೆ ನೆಂಟರ ಜೊತೆ ಹೋಗಿದ್ದೆ. ಹನ್ನೊಂದು ಗಂಟೆಗೆ, ಸಭಾಭವನದಲ್ಲಿ, ದೀಪ ಬೆಳಗಿಸಿ. ಕೂತವರೆಲ್ಲ ಇಸ್ತ್ರಿ ಅಂಗಿಯವರು. ನನ್ನನ್ನೂ ಸೇರಿಸಿ. ಆ ಹೊತ್ತಿಗೆ ಸೊಪ್ಪಿನ ಬೆಟ್ಟದಲ್ಲಿ ದರಕು (ಒಣಗಿದ ಎಲೆ) ಗುಡಿಸುತ್ತಿದ್ದ ಹೆಂಗಸರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಉಣುಗು ಕಚ್ಚುವುದು ಅವರನ್ನು. ವಾಪಸ್ ಬರುವಾಗ ರಸ್ತೆ ಬದಿ ಒಬ್ಬರು ಸಿಕ್ಕರು, ತಲೆ ಮೇಲೆ ಹೊರೆ. ಎಣ್ಣೆ ಕೊಟ್ಟಿದ್ದಾರಲ್ಲ, ಹಚ್ಚಿಕೊಳ್ಳುತ್ತೀರಾ ಅಂತ ನೆಂಟರು ಕೇಳಿದರು. "ಹಚ್ಕಂಡ್ರೆ ಮೈ ಉರಿತದೆ ಒಡೆಯಾ, ಬೆವ್ರು ಬಂದ್ರೆ ಹೋಗ್ತದೆ. ಮತ್ತೆ ಹಚ್ಚುಕೆ ಬಾಟ್ಲಿ ಬೆಟ್ಟಕ್ಕೆ ಹೊತ್ಕಂಡು ಹೋಗ್ಬೇಕಾ?" ಅಂದರು. ಎಷ್ಟು ಉಪಯೋಗದ ಮಾತು ನೋಡಿ. ಉರಿ ಆಗುತ್ತದೆ, ಬೆವರಿಗೆ ಹೋಗುತ್ತದೆ, ಬಾಟಲಿ ದೊಡ್ಡದು. ಸಭಾಭವನದಲ್ಲಿ ಇದನ್ನು ಯಾರೂ ಹೇಳಲಿಲ್ಲ, ಯಾಕೆಂದರೆ ಅಲ್ಲಿ ಯಾರೂ ಹಚ್ಚಿಕೊಂಡವರಲ್ಲ. ಒಬ್ಬ ಶಾಸಕ ಬೆಳಿಗ್ಗೆ ಆರೂವರೆಗೆ ಕೇರಿಗೆ ಹೋಗಿ, ದೀಪ ಹಾರ ಏನೂ ಇಲ್ಲದೆ, ಇವರ ಮಾತು ಕೇಳಿ, ಚಿಕ್ಕ ಬಾಟಲಿಯಲ್ಲಿ ಎಣ್ಣೆ ತುಂಬಿಸಿ ಕೊಡಿ ಅಂತ ಜಿಲ್ಲಾ ಆರೋಗ್ಯಾಧಿಕಾರಿ ಡಿಎಚ್‌ಒಗೆ ಬರೆದರೆ ಅದನ್ನು ನಾನು ಜನಸಂಪರ್ಕ ಅನ್ನುತ್ತೇನೆ.

ಹಾವು ಕಡಿತದ್ದೂ ಹಾಗೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು, ದೇಶದಲ್ಲೇ ಮೊದಲು. ಇದು ಒಳ್ಳೆಯ ಕೆಲಸ. ಲೆಕ್ಕ ಸಿಕ್ಕರೆ ಯಾವ ಕೇಂದ್ರಕ್ಕೆ ಎಷ್ಟು ಔಷಧ ಬೇಕು ಅಂತ ತಿಳಿಯುತ್ತದೆ. ಅಡಿಕೆ ತೋಟದಲ್ಲಿ ಕೊಳಕುಮಂಡಲ ಕಚ್ಚಿದರೆ, ರಾತ್ರಿ ಚಾಪೆಯ ಮೇಲೆ ಕಟ್ಟುಹಾವು ಕಚ್ಚಿದರೆ, ಮೊದಲು ನಾಟಿ ಔಷಧದವರ ಮನೆಗೆ ಓಡುವ ರೂಢಿ ಇನ್ನೂ ಇದೆ. ಅವರನ್ನು ಬೈದು ಪ್ರಯೋಜನ ಇಲ್ಲ. ಅವರನ್ನೇ ಕರೆದು ಕೂರಿಸಿ, "ನಿಮ್ಮ ಹತ್ತಿರ ಬಂದವರನ್ನು ತಡ ಮಾಡದೆ ಆಸ್ಪತ್ರೆಗೆ ಕಳಿಸಿ" ಅಂತ ಒಪ್ಪಿಸಬೇಕು. ಡಾಕ್ಟರು ಹೇಳಿದರೆ ಅವರು ಕೇಳಲಿಕ್ಕಿಲ್ಲ, ಓಟು ಕೇಳಲು ಮನೆಗೆ ಬಂದವರು ಹೇಳಿದರೆ ಕೇಳಬಹುದು. ಕೂಡಲೇ ಮುಂದಿನ ಪ್ರಶ್ನೆ ಬರುತ್ತದೆ: ಕಳಿಸಿದ ಕೇಂದ್ರದಲ್ಲಿ ವಿಷನಿರೋಧಕ ಇದೆಯಾ, ಅದನ್ನು ರಾತ್ರಿ ಕೊಡಲು ಡಾಕ್ಟರು ಇದ್ದಾರಾ? ಇಲ್ಲದಿದ್ದರೆ ಕಳಿಸಿದ ನಾಟಿ ವೈದ್ಯರ ಮರ್ಯಾದೆಯೂ ಹೋಯಿತು, ಶಾಸಕರದ್ದೂ ಹೋಯಿತು, ಮುಂದಿನ ಸಲ ಯಾರೂ ಬರುವುದಿಲ್ಲ.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ನಮ್ಮ ಶಾಸಕರಿಗೆ ಒಂದು ಪತ್ರ ಬರೆದೆ. ಆಂಬುಲೆನ್ಸುಗಳ ವರ್ಗ ಮತ್ತು ತಪಾಸಣೆ, ರಾತ್ರಿ ಪಾಳಿಯ ಸಿಸ್ಟರುಗಳ ಸಂಖ್ಯೆ, ಹಾವು ಕಡಿತದ ಔಷಧ ಎಲ್ಲೆಲ್ಲಿ ಇದೆ ಅನ್ನುವುದು. ಇಷ್ಟೇ. ಕೆಲವು ದಿನದ ಮೇಲೆ ಅವರ ಪಿಎ ಫೋನು ಮಾಡಿದ. ನಮ್ಮ ಶಾಲೆಯಲ್ಲೇ ಕಲಿತ ಹುಡುಗ.

"ಮಾಸ್ತರ್ರೇ, ಪತ್ರ ಓದಿದೆ. ಆದ್ರೆ ಇದ್ರಲ್ಲಿ ನಿಮಗೆ ಎಂತ ಬೇಕು ಅಂತ ಬರೀಲಿಲ್ಲ ನೀವು."

"ಉತ್ತರ ಬೇಕು ಮಾರಾಯಾ."

"ಅಲ್ಲ, ನಿಮಗೆ ಅಂತ. ಮನೆ ಕಡೆ ರಸ್ತೆ ಗಿಸ್ತೆ?"

ರಸ್ತೆ ಸರಿ ಇದೆ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವನೇ ಹೇಳಿದ್ದು, ಪತ್ರ ಹೀಗೆ ಇದ್ದರೆ ಫೈಲಿಗೆ ಹೋಗುತ್ತದೆ, ಸದನದ ಪ್ರಶ್ನೆಯ ನಮೂನೆಯಲ್ಲಿ ಅ, ಆ, ಇ ಅಂತ ಬಿಡಿಸಿ ಬರೆದುಕೊಟ್ಟರೆ ಅಧಿವೇಶನಕ್ಕೆ ಮೊದಲೇ ನೋಟಿಸು ಹಾಕಲು ಸಾಹೇಬರ ಮುಂದೆ ಇಡುತ್ತೇನೆ, ಒಂದು ಪ್ರಶ್ನೆಯಲ್ಲಿ ಎಲ್ಲವನ್ನೂ ತುರುಕಬೇಡಿ, ಒಂದೊಂದು ವಿಷಯಕ್ಕೆ ಒಂದೊಂದು. ಶಾಲೆಯಲ್ಲಿ ಅವನಿಗೆ ನಾನು ಪ್ರಬಂಧದ ಬಗ್ಗೆ ಇದೇ ಮಾತು ಹೇಳುತ್ತಿದ್ದೆ ಅನ್ನಿಸುತ್ತದೆ.

ಈಗ ಆಂಬುಲೆನ್ಸಿನದ್ದು ಬರೆದಾಯಿತು. ಸಿಸ್ಟರುಗಳದ್ದು ಬರೆಯಲು ಕೂತಾಗ ಒಂದು ಕಡೆ ಸಿಕ್ಕಿಕೊಂಡೆ, ಗುತ್ತಿಗೆಯವರನ್ನು ಬೇರೆ ಕೇಳಬೇಕಾ, ಒಟ್ಟಿಗೆ ಕೇಳಬೇಕಾ ಅಂತ. ಬೇರೆ ಕೇಳದಿದ್ದರೆ ಎಲ್ಲ ಸೇರಿಸಿ ದೊಡ್ಡ ಅಂಕಿ ಕೊಟ್ಟುಬಿಡುತ್ತಾರೆ ಅಂತ ನಿವೃತ್ತರಾದ ಸಿಸ್ಟರ್ ಒಬ್ಬರು ಎಚ್ಚರಿಸಿದ್ದಾರೆ. ಓದುವವರಲ್ಲಿ ಇಲಾಖೆಯ ಒಳಗಿನ ಲೆಕ್ಕ ಗೊತ್ತಿರುವವರು ಯಾರಾದರೂ ಇದ್ದರೆ, ಪ್ರಶ್ನೆಯ ಕರಡು ತಿದ್ದಿಕೊಡಿ. ಯಾವ ಕ್ಷೇತ್ರದವರಾದರೂ ಆಗಬಹುದು, ನಿಮ್ಮ ಶಾಸಕರಿಗೂ ಅದನ್ನೇ ಕೊಡಿ. ಆರು ಜನರೂ ಒಂದೇ ಪ್ರಶ್ನೆ ಕೇಳಿದರೂ ನನಗೇನೂ ಬೇಜಾರಿಲ್ಲ.